ಔಷಧಿ ಹೊಡೆದರೂ ತಿಗಣೆ ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದ ಮೇಲೆ ಮನೆಯಲ್ಲಿ ತಿಗಣೆ ಶುರುವಾಗಿದೆ. ಮೊದಲು ಅವಳ ಕೋಣೆಯಲ್ಲಿತ್ತು, ಈಗ ನಮ್ಮ ತೇಗದ ಮಂಚಕ್ಕೂ ಬಂದಿದೆ. ಅಂಗಡಿಯಿಂದ ಸ್ಪ್ರೇ ತಂದು ಹೊಡೆದೆವು. ಸೀಮೆಎಣ್ಣೆ ಹಚ್ಚಿದೆವು. ಹಾಸಿಗೆ ಬಿಸಿಲಿಗೆ ಹಾಕಿದೆವು. ಒಂದು ವಾರ ಕಮ್ಮಿ ಆಗುತ್ತದೆ, ಮತ್ತೆ ಶುರು. ಮನೆಯಲ್ಲಿ ಎರಡು ವರ್ಷದ ಮೊಮ್ಮಗು ಇದೆ. ಕಾಳಿಗೆ ಹಾಕುವ ಗುಳಿಗೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಬಿಡಿ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಮಂಚ ಎಸೆದುಬಿಡಬೇಕಾ? ಯಾವ ಔಷಧಿ ಒಳ್ಳೆಯದು?

ಉತ್ತರ: ಮೊದಲು ಆ ಗುಳಿಗೆಯ ವಿಷಯ ಮುಗಿಸಿಬಿಡೋಣ. ಅದನ್ನು ಮನೆಯೊಳಗೆ ತರಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ಧಾನ್ಯದ ಮೂಟೆಗಳಿಗೆ ಟಾರ್ಪಾಲ್ ಹೊದಿಸಿ, ತರಬೇತಿ ಇರುವವರು ಬಳಸುವ ವಿಷ ಅದು. ಅದನ್ನು ಜನಸಾಮಾನ್ಯರಿಗೆ ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಆದರೂ ಅಂಗಡಿಗಳಲ್ಲಿ ಸಿಗುತ್ತದೆ, ಆ ಮಾತು ಬೇರೆ. ಕೋಣೆಯ ಬಾಗಿಲು ಹಾಕಿದರೆ ಅನಿಲ ಒಳಗೇ ಇರುತ್ತದೆ ಅಂದುಕೊಳ್ಳಬೇಡಿ. ಬಾಗಿಲ ಸಂದು, ವೈರಿನ ಪೈಪು, ಗೋಡೆಯ ಬಿರುಕು ಎಲ್ಲ ಅದಕ್ಕೆ ದಾರಿಯೇ. ಫಾಸ್ಫೀನಿಗೆ ಪ್ರತಿವಿಷ ಇಲ್ಲ. ಮಕ್ಕಳ ಮೈಗೆ ಅದು ದೊಡ್ಡವರಿಗಿಂತ ಬೇಗ ಏರುತ್ತದೆ.

2018ರಲ್ಲಿ ಈಜಿಪ್ಟಿನ ಹುರ್ಗಾದಾದ ಹೋಟೆಲೊಂದರಲ್ಲಿ ತಿಗಣೆಗೆ ಅಂತ ಒಂದು ಕೋಣೆಗೆ ರಾಸಾಯನಿಕ ಹೊಡೆದು ಬಾಗಿಲಿಗೆ ಟೇಪ್ ಅಂಟಿಸಿದ್ದರು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಬ್ರಿಟಿಷ್ ದಂಪತಿ ಸತ್ತೇ ಹೋದರು. ಅಲ್ಲಿ ಬಳಸಿದ್ದು ಬೇರೆ ರಾಸಾಯನಿಕ. ಆದರೆ ಪಕ್ಕದ ಕೋಣೆಗೆ ವಿಷ ನುಗ್ಗಿದ ರೀತಿ ಇದೇ. ತಿಗಣೆಯಿಂದ ಯಾರೂ ಸಾಯುವುದಿಲ್ಲ. ತಿಗಣೆ ಓಡಿಸೋಕೆ ಹೋಗಿ ಸತ್ತವರಿದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಂದು ವಾರ ಕಮ್ಮಿಯಾಗಿ ಮತ್ತೆ ಶುರುವಾಗುತ್ತದೆ ಅಂದಿದ್ದೀರಿ. ಆ ಒಂದು ವಾರದಲ್ಲೇ ವಿಷಯ ಇದೆ. ನೀವು ಹೊಡೆದ ಸ್ಪ್ರೇಗೂ ಸೀಮೆಎಣ್ಣೆಗೂ ಎದುರಿಗೆ ಸಿಕ್ಕ ತಿಗಣೆಗಳು ಸತ್ತಿವೆ. ಮೊಟ್ಟೆಗಳು ಸತ್ತಿಲ್ಲ. ತಿಗಣೆಯ ಮೊಟ್ಟೆ ಸುಮಾರು ಒಂದು ಮಿಲಿಮೀಟರ್ ಉದ್ದ, ಮುತ್ತಿನಂಥ ಬಿಳಿ. ಮರದ ಸಂದಿನೊಳಗೆ ಅಂಟು ಹಾಕಿದ ಹಾಗೆ ಕೂತಿರುತ್ತದೆ, ಗುಡಿಸಿದರೆ ಬರಲ್ಲ. ನಮ್ಮ ಸೆಕೆಗೆ ಆರರಿಂದ ಹತ್ತು ದಿನದಲ್ಲಿ ಒಡೆದು ಮರಿ ಹೊರಗೆ ಬರುತ್ತದೆ. ಮರಿ ಐದು ಸಲ ಪೊರೆ ಬಿಟ್ಟು ದೊಡ್ಡದಾಗಬೇಕು. ಪ್ರತಿ ಸಲ ಪೊರೆ ಬಿಡುವ ಮೊದಲು ಒಂದು ಸಲವಾದರೂ ರಕ್ತ ಕುಡಿಯಲೇಬೇಕು. ಇದಕ್ಕೆಲ್ಲ ಒಂದು ತಿಂಗಳೋ ಒಂದೂವರೆ ತಿಂಗಳೋ ಹಿಡಿಯುತ್ತದೆ. ಆಮೇಲೆ ಹೆಣ್ಣು ತಿಗಣೆ ದಿನಕ್ಕೆ ಒಂದೆರಡರಿಂದ ಐದು ಮೊಟ್ಟೆ ಇಡುತ್ತಾ ಹೋಗುತ್ತದೆ. ನಿಮ್ಮ ಮಗಳ ಬ್ಯಾಗಿನಲ್ಲಿ ಗಂಡಿನ ಜೊತೆ ಸೇರಿದ್ದ ಒಂದೇ ಒಂದು ಹೆಣ್ಣು ಬಂದಿದ್ದರೂ ಈ ಸಂಸಾರ ಕಟ್ಟಲು ಸಾಕಿತ್ತು.

ಹಾಗಾಗಿ ಒಂದೇ ದಿನ ಎಷ್ಟು ಜೋರಾಗಿ ಹೊಡೆದಿರಿ ಅನ್ನೋದಕ್ಕಿಂತ, ಎರಡನೇ ಸಲ ಯಾವಾಗ ಕೈ ಹಾಕಿದಿರಿ ಅನ್ನೋದು ಮುಖ್ಯ. ಮೊದಲ ಸಲ ಪೂರ್ತಿ ಕೆಲಸ ಮಾಡಿದ ಮೇಲೆ 10ರಿಂದ 14 ದಿನದೊಳಗೆ ಎರಡನೇ ಸಲ ಅದೇ ಕೆಲಸ. ಅಷ್ಟೇ ಅಂತರ ಬಿಟ್ಟು ಮೂರನೇ ಸಲ. ಹೊಸ ಮರಿಗಳು ಹೊರಬಂದಿರಬೇಕು, ಆದರೆ ಮೊಟ್ಟೆ ಇಡುವ ವಯಸ್ಸು ಬಂದಿರಬಾರದು. ಅದು ನಮಗೆ ಸಿಗುವ ಸಮಯ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ. ಕಚ್ಚುವುದು ನಿಂತಿತು ಅಂತ ಎರಡನೇ ಸಲ ಬಿಟ್ಟುಬಿಡುವವರೇ ಜಾಸ್ತಿ.

ಇನ್ನು ಸ್ಪ್ರೇ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸ್ಪ್ರೇಗಳಲ್ಲಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧಿ. ಸೊಳ್ಳೆಗೆ, ಜಿರಳೆಗೆ ಹೊಡೆಯುವುದೂ ಅದನ್ನೇ. ಪ್ರಪಂಚದ ಬಹಳ ಕಡೆ ತಿಗಣೆಗಳು ಈ ಗುಂಪಿಗೆ ಒಗ್ಗಿಹೋಗಿವೆ. ಇದು ಹೊಸ ಕಥೆಯೇನೂ ಅಲ್ಲ. ಡಿಡಿಟಿ ಬಂದಾಗ ತಿಗಣೆ ಇನ್ನು ಮುಗಿಯಿತು ಅಂದುಕೊಂಡಿದ್ದರು. 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಡಿಡಿಟಿಗೆ ಬಗ್ಗದ ತಿಗಣೆ ಸಿಕ್ಕಿತು. ನಮ್ಮಲ್ಲಿ 1953ರಿಂದ ಮಲೇರಿಯಾ ತಡೆಯಲು ಮನೆಮನೆಗೆ ಡಿಡಿಟಿ ಹೊಡೆದರು. ಮೊದಮೊದಲು ತಿಗಣೆಯೂ ಮಾಯವಾಯಿತು, ಜನಕ್ಕೆ ಖುಷಿಯಾಯಿತು. ಕೆಲವು ವರ್ಷದಲ್ಲಿ ತಿಗಣೆ ಡಿಡಿಟಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಔಷಧಿ ತಾಗಿದಾಗ ಸಾಯುವ ಬದಲು ಸಂದಿನಿಂದ ಎದ್ದು ಓಡಾಡತೊಡಗಿದವು. ಇದರಿಂದ ತಿಗಣೆ ಹೆಚ್ಚಾಗುತ್ತೆ ಅಂತ ಸಿಂಪಡಿಸಲು ಬಂದವರನ್ನೇ ಜನ ಬಾಗಿಲಿಂದ ವಾಪಸ್ ಕಳಿಸಿದ್ದೂ ಉಂಟು. ಇವತ್ತಿನ ಸ್ಪ್ರೇಯಲ್ಲೂ ಅದೇ ತೊಂದರೆ. ಸುಮ್ನೆ ಗಾಳಿಗೆ, ಹಾಸಿಗೆಯ ಮೇಲೆ ಹೊಡೆದರೆ ಸಾಯದೆ ಉಳಿದ ತಿಗಣೆಗಳು ಪಕ್ಕದ ಕೋಣೆಗೆ ಚದುರುತ್ತವೆ. ಮಗಳ ಕೋಣೆಯಿಂದ ನಿಮ್ಮ ಮಂಚಕ್ಕೆ ಬಂದದ್ದು ಹೀಗೂ ಇರಬಹುದು. ಕೋಣೆ ತುಂಬ ಹೊಗೆ ಬಿಡುವ ಡಬ್ಬಗಳಂತೂ ಪೂರ್ತಿ ದಂಡ. ಹೊಗೆ ಸಂದಿನೊಳಗೆ ಇಳಿಯುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಹುಡುಕಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹುಡುಕಾಟವೇ.

ಒಂದು ಟಾರ್ಚ್, ಒಂದು ಹಳೆಯ ಎಟಿಎಂ ಕಾರ್ಡ್, ಅಗಲದ ಸೆಲ್ಲೋಟೇಪ್, ಸ್ಕ್ರೂಡ್ರೈವರ್, ಸೋಪಿನ ನೀರು ತುಂಬಿದ ಬಕೆಟ್ ಇಟ್ಟುಕೊಳ್ಳಿ. ಹಗಲಲ್ಲೇ ಮಾಡಿ, ಮಗುವನ್ನು ಅವತ್ತು ಬೇರೆಯವರ ಮನೆಗೆ ಕಳಿಸಿ. ಕಳಿಸುವ ಮೊದಲು ಅದರ ಬಟ್ಟೆ ಬದಲಾಯಿಸಿ. ಮಂಚವನ್ನು ಹಾಲಿಗೆ ಎಳೆದು ತರಬೇಡಿ, ದಾರಿಯುದ್ದಕ್ಕೂ ತಿಗಣೆ ಉದುರುತ್ತವೆ. ಇದ್ದ ಕೋಣೆಯಲ್ಲೇ ಬಿಚ್ಚಿ. ತೇಗದ ಮಂಚದಲ್ಲಿ ಮರವೇ ಅವುಗಳ ಮನೆಯಲ್ಲ, ಮರ ಮರ ಸೇರುವ ಕೀಲು ಅವುಗಳ ಮನೆ. ಸ್ಕ್ರೂ ತೂತು, ತಲೆ ಹಲಗೆಯ ಹಿಂಭಾಗ, ಪ್ಲೈವುಡ್ ಹಲಗೆಯ ಕೆಳಗಿನ ಅಂಚು, ಕಾಲಿನ ತಳ. ಹಾಸಿಗೆಯಲ್ಲಿ ಸುತ್ತಲೂ ಇರುವ ಪೈಪಿಂಗ್ ಹೊಲಿಗೆಯನ್ನು ಬೆರಳಿಂದ ಮಡಚಿ ನೋಡಿ. ಕಂಪನಿಯ ಚೀಟಿ ಹೊಲಿದಿರುತ್ತಾರಲ್ಲ, ಅದರ ಅಡಿ ಮರೆಯಬೇಡಿ.

ತಿಗಣೆಯೇ ಕಾಣಬೇಕು ಅಂತಿಲ್ಲ. ಮಸಿ ಚುಕ್ಕೆಯಂಥ ಹಿಕ್ಕೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಬಣ್ಣ ಹರಡುತ್ತದೆ. ಒಣಗಿದ ಪೊರೆ. ಬಿಳಿ ಮೊಟ್ಟೆ. ಜಾಸ್ತಿ ಇದ್ದರೆ ವಾಸನೆ. ಹಳೆಯ ಸಿನಿಮಾ ಟಾಕೀಸಿನ ಕುರ್ಚಿಯಲ್ಲಿ ಕೂತವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಕಾರ್ಡಿನಿಂದ ಸಂದು ಕೆರೆದು ಟೇಪಿಗೆ ಅಂಟಿಸಿ, ಇಲ್ಲವೇ ಬಕೆಟ್ಟಿಗೆ ಬೀಳಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೆಲಸ ಅರ್ಧ ಹಗುರ. ಮುಗಿದ ತಕ್ಷಣ ಅದರ ಚೀಲವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಮನೆಯಿಂದ ಹೊರಗೆ ಹಾಕಿ.

ಬಹುಪಾಲು ತಿಗಣೆಗಳು ಮಲಗುವವರಿಂದ ಐದಾರು ಅಡಿಯೊಳಗೇ ಇರುತ್ತವೆ. ಮಂಚ ಮುಗಿದ ಮೇಲೆ ಅಷ್ಟು ಸುತ್ತಳತೆಯನ್ನು ನೋಡಿ. ಕ್ಯಾಲೆಂಡರ್ ಹಿಂದೆ, ದೇವರ ಫೋಟೊದ ಚೌಕಟ್ಟು, ಪರದೆಯ ಮೇಲ್ಮಡಿಕೆ, ಸೊಳ್ಳೆ ಪರದೆಯ ಮೂಲೆ, ಸ್ವಿಚ್ ಬೋರ್ಡ್. ಬೋರ್ಡಿಗೆ ನೀರು, ಸ್ಪ್ರೇ ಏನೂ ಹೊಡೆಯಬೇಡಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ ಬ್ರಷ್ಷಿನಿಂದ ಕ್ಲೀನ್ ಮಾಡಿಸಿ. ಕೆಲಸ ಮುಗಿದ ಮೇಲೆ ಗೋಡೆಯ ಬಿರುಕಿಗೆ ಪುಟ್ಟಿ, ಮರದ ಬಿರುಕಿಗೆ ಬಡಗಿಗಳು ಮಾಡುವ ಹಾಗೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಿ. ಒಳಗಿದ್ದದ್ದು ಒಳಗೇ ಉಳಿಯುತ್ತದೆ, ಹೊರಗಿದ್ದದ್ದಕ್ಕೆ ಅಡಗಲು ಜಾಗ ಇರಲ್ಲ.

ಆಮೇಲೆ ಶಾಖ. ಇದಕ್ಕೆ ತಿಗಣೆ ಒಗ್ಗಿಕೊಳ್ಳಲು ಆಗಿಲ್ಲ, ಮೊಟ್ಟೆಯನ್ನೂ ಇದು ಬಿಡುವುದಿಲ್ಲ. ಆದರೆ ಲೆಕ್ಕ ಗೊತ್ತಿರಬೇಕು. 45 ಡಿಗ್ರಿಯಲ್ಲಿ ದೊಡ್ಡ ತಿಗಣೆ ಸಾಯಲು ಸುಮಾರು ಒಂದೂವರೆ ಗಂಟೆ ಬೇಕು, ಮೊಟ್ಟೆಗೆ 7 ಗಂಟೆ. 48 ಡಿಗ್ರಿಗೆ ಏರಿದರೆ ದೊಡ್ಡದಕ್ಕೆ 20 ನಿಮಿಷ, ಮೊಟ್ಟೆಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. 50 ದಾಟಿದರೆ ಎಲ್ಲವೂ ಬೇಗ ಮುಗಿಯುತ್ತದೆ. ಈಗ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದು ಯಾಕೆ ಫಲ ಕೊಡಲಿಲ್ಲ ಅಂತ ಗೊತ್ತಾಗುತ್ತದೆ. ಮೇಲ್ಭಾಗ ಕಾದಿತು, ತಿಗಣೆಗಳು ಕೆಳಗಿನ ತಂಪಿಗೆ ಹೋದವು. ದಪ್ಪ ಹಾಸಿಗೆಯ ಒಳಗೆ ಬಿಸಿಲು ಇಳಿಯುವುದೇ ಇಲ್ಲ.

ಬಟ್ಟೆ, ಹೊದಿಕೆ, ಕೌದಿ, ದಿಂಬಿನ ಕವರು ಎಲ್ಲವನ್ನೂ ಕೋಣೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಹೊರಗೆ ತನ್ನಿ. ವಾಷಿಂಗ್ ಮಷೀನಿನಲ್ಲಿ 60 ಡಿಗ್ರಿ ಇದ್ದರೆ ಅದರಲ್ಲಿ ಹಾಕಿ. ಇಲ್ಲದಿದ್ದರೆ ಹಂಡೆಯಲ್ಲಿ ಕಾಯಿಸಿದ ನೀರಲ್ಲಿ ಚೆನ್ನಾಗಿ ನೆನೆಸಿ ಒಗೆಯಿರಿ. ಲಾಂಡ್ರಿಯಲ್ಲಿ ಬಿಸಿ ಗಾಳಿಯ ಡ್ರೈಯರ್ ಇದ್ದರೆ ಒಣ ಬಟ್ಟೆಗೆ ಜೋರು ಶಾಖದಲ್ಲಿ ಅರ್ಧ ಗಂಟೆ ಸಾಕು. ಒಗೆಯಲಾಗದ ರೇಷ್ಮೆ ಸೀರೆ, ಬ್ಯಾಗು, ಚಪ್ಪಲಿ ಮುಂತಾದವನ್ನು ಕಪ್ಪು ಚೀಲದಲ್ಲಿ ತೆಳ್ಳಗೆ ಹರಡಿ ಕಟ್ಟಿ, ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಾಜು ಏರಿಸಿ ಇಡಿ. ಹೊರಗೆ 38 ಇದ್ದರೂ ಕಾರಿನೊಳಗೆ 50 ದಾಟುತ್ತದೆ. ಒಂದು ಅಗ್ಗದ ಥರ್ಮಾಮೀಟರನ್ನು ಚೀಲದ ನಡುವೆ ಇಟ್ಟು ನೋಡಿ, ಅಂದಾಜಿನ ಮೇಲೆ ನಂಬಬೇಡಿ. ಮೊಮ್ಮಗುವಿನ ಬಟ್ಟೆಗೊಂಬೆಗಳನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಬಿಡಬಹುದು, ಅದು ಮೈನಸ್ 18 ಡಿಗ್ರಿ ಇರಬೇಕು ಅಷ್ಟೇ.

ಮಂಚದ ಕೀಲಿಗೆ ಕುದಿಯುವ ನೀರು ಹೊಯ್ಯುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ನವಾರಿನ ಮಂಚ, ಹಗ್ಗದ ಮಂಚಗಳನ್ನು ಅಂಗಳಕ್ಕೆ ಹಾಕಿ ಹಂಡೆ ನೀರು ಸುರಿಯುತ್ತಿದ್ದರು. ಅದು ಸರಿಯಾದ ಪದ್ಧತಿಯೇ, ನೀರು ತಾಗಿದ ಕಡೆ ಮೊಟ್ಟೆಯೂ ಸಾಯುತ್ತದೆ. ನಿಮ್ಮ ತೇಗಕ್ಕೆ ಪಾಲಿಶ್ ಇದ್ದರೆ ಅದು ಬೆಳ್ಳಗಾಗಬಹುದು, ಪ್ಲೈವುಡ್ ಆದರೆ ಉಬ್ಬುತ್ತದೆ. ಬಟ್ಟೆಗೆ ಬಳಸುವ ಕೈ ಸ್ಟೀಮರ್ ಸಿಗುತ್ತದಲ್ಲ, ಅದನ್ನು ಕೀಲಿನ ಮೇಲೆ ನಿಧಾನವಾಗಿ ಆಡಿಸಿ. ಬೇಗ ಬೇಗ ಓಡಿಸಿದರೆ ಹಬೆಗೆ ತಿಗಣೆ ಹಾರಿಹೋಗುತ್ತದೆ, ಸಾಯಲ್ಲ. ಮಂಚ ಎಸೆಯುವ ಅಗತ್ಯ ಇಲ್ಲವೇ ಇಲ್ಲ. ಎಸೆದರೆ ಬೀದಿಯಲ್ಲಿ ಇನ್ನೊಬ್ಬರು ಎತ್ತಿಕೊಂಡು ಹೋಗುತ್ತಾರೆ, ನಿಮ್ಮ ಗೋಡೆಯಲ್ಲಿದ್ದದ್ದು ಹೊಸ ಮಂಚ ಹತ್ತುತ್ತದೆ.

ಹಾಸಿಗೆಗೆ ಆರೂ ಕಡೆ ಮುಚ್ಚುವ ಜಿಪ್ ಕವರ್ ಹಾಕಿ. ಒತ್ತಾಗಿ ನೇಯ್ದ ಬಟ್ಟೆ ಕೊಟ್ಟು ಟೈಲರ್ ಹತ್ತಿರ ಹೊಲಿಸಿದರೂ ನಡೆಯುತ್ತದೆ, ಜಿಪ್ಪಿನ ಕೊನೆಗೆ ಟೇಪ್ ಅಂಟಿಸಿ. ಒಳಗೆ ಸಿಕ್ಕಿಬಿದ್ದದ್ದು ಹಸಿದು ಸಾಯಬೇಕು. ಆದರೆ ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ತಡೆಯುತ್ತದೆ, ತಂಪು ಜಾಗದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಒಂದು ವರ್ಷ ಕವರ್ ಬಿಚ್ಚಬೇಡಿ. ಹಳೆಯ ಹತ್ತಿ ಹಾಸಿಗೆಯಾದರೆ ಹಿಂಜಿಸಿ ಹೊಸದಾಗಿ ಹೊಲಿಸುವ ಆಸೆ ಬರುತ್ತದೆ. ಈಗ ಬೇಡ, ಹಿಂಜುವವರ ಅಂಗಡಿಗೂ ಅವರ ಮುಂದಿನ ಗಿರಾಕಿಗೂ ತಿಗಣೆ ಹಂಚಿದ ಹಾಗಾಗುತ್ತದೆ.

ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದು ಇಡಿ. ಹೊದಿಕೆ ನೆಲಕ್ಕೆ ತಾಗಬಾರದು. ಕಾಲುಗಳ ಕೆಳಗೆ ನುಣುಪು ಬಟ್ಟಲು ಇಟ್ಟರೆ ತಿಗಣೆ ಅದರಲ್ಲಿ ಬಿದ್ದು ಹತ್ತಲಾಗದೆ ಸಿಕ್ಕಿಕೊಳ್ಳುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಓದಿರುತ್ತೀರಿ. ಅದು ಅಮೆರಿಕ, ಯುರೋಪಿನ ತಿಗಣೆಗೆ ಹೇಳಿದ ಮಾತು. ನಮ್ಮ ಕಡೆ ಹೆಚ್ಚಾಗಿ ಇರುವುದು ಉಷ್ಣವಲಯದ ತಿಗಣೆ, ಸಿಮೆಕ್ಸ್ ಹೆಮಿಪ್ಟೆರಸ್. ಇದರ ಕಾಲಿನಲ್ಲಿ ಅಂಟಿಕೊಳ್ಳುವ ರೋಮ ಜಾಸ್ತಿ, ನುಣುಪು ಗೋಡೆಯನ್ನೂ ಹತ್ತಿಬಿಡುತ್ತದೆ. 2017ರಲ್ಲಿ ಎರಡೂ ಜಾತಿಗಳನ್ನು ಹೋಲಿಸಿ ನೋಡಿದ ಸಂಶೋಧನೆಯಲ್ಲಿ ಇದು ಸ್ಪಷ್ಟವಾಗಿ ಗೊತ್ತಾಯಿತು. ನಮಗೆ ಖಾಲಿ ಬಟ್ಟಲು ಸಾಲದು, ಅದರಲ್ಲಿ ಸೋಪಿನ ನೀರು ಇರಬೇಕು. ಸೀಮೆಎಣ್ಣೆ ಇಡುವ ಪದ್ಧತಿ ಇದೆ, ಆದರೆ ಮಗು ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಕುಡಿದರೆ ನೇರ ಶ್ವಾಸಕೋಶಕ್ಕೆ ಅಪಾಯ, ಬೆಂಕಿಯ ಭಯ ಬೇರೆ.

ಇನ್ನೊಂದು ಮಾತು, ಕಷ್ಟ ಅನ್ನಿಸಿದರೂ ಕೇಳಿ. ದೊಡ್ಡವರು ಯಾರಾದರೂ ಅದೇ ಮಂಚದಲ್ಲಿ ಮಲಗುವುದನ್ನು ಮುಂದುವರಿಸಬೇಕು. ಎಲ್ಲರೂ ಹಾಲಿಗೆ ಹೋಗಿ ಮಲಗಿದರೆ ಅವು ನಿಮ್ಮ ಉಸಿರು, ಮೈ ಬಿಸಿ ಹಿಡಿದು ಹಾಲಿಗೇ ಬರುತ್ತವೆ. ಆಗ ಎರಡು ಕೋಣೆಯ ತೊಂದರೆ ಇಡೀ ಮನೆಯದ್ದಾಗುತ್ತದೆ. ಕವರ್ ಹಾಕಿದ ಹಾಸಿಗೆ, ಸ್ವಚ್ಛ ಮಾಡಿದ ಮಂಚ, ನೀರಿನ ಬಟ್ಟಲು ಇದ್ದರೆ ಕಡಿತ ಬೇಗ ಇಳಿಯುತ್ತದೆ. ಲಕ್ಷ್ಮಿ ಕಮಲದಲ್ಲೂ ಶಿವ ಹಿಮಾಲಯದಲ್ಲೂ ವಿಷ್ಣು ಹಾಲ್ಗಡಲಲ್ಲೂ ಮಲಗುವುದು ತಿಗಣೆಯ ಭಯಕ್ಕೇ ಅಂತ ಹಳೆಯ ಸಂಸ್ಕೃತ ಸುಭಾಷಿತವೊಂದು ತಮಾಷೆ ಮಾಡುತ್ತದೆ. ನಮಗೆ ಅಷ್ಟು ಜಾಗಗಳಿಲ್ಲ, ಇದ್ದಲ್ಲೇ ಮಲಗಬೇಕು.

ನೆಲದಲ್ಲಿ ಚಾಪೆ ಹಾಕಿ ಮಲಗುವವರು ಮನೆಯಲ್ಲಿದ್ದರೆ ಹುಲ್ಲಿನ ಚಾಪೆಯ ನೇಯ್ಗೆಯನ್ನೂ ಪ್ಲಾಸ್ಟಿಕ್ ಚಾಪೆಯ ಅಂಚಿನ ಪಟ್ಟಿಯನ್ನೂ ನೋಡಿ. ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ ಚಾಪೆಯೊಳಗೆ ಕತ್ತಲೆ, ಸಂದು ಎರಡೂ ಇರುತ್ತದೆ. ಅದಕ್ಕಿಂತ ಒಳ್ಳೆಯ ಜಾಗ ತಿಗಣೆಗೆ ಎಲ್ಲಿ ಸಿಗಬೇಕು, ಅಲ್ವಾ?

ಇಷ್ಟಾದ ಮೇಲೆ ಔಷಧಿಯ ಮಾತು. ನಿಮಗೆ ಎರಡು ಕೋಣೆಗೆ ಹಬ್ಬಿದೆ, ಮಗುವೂ ಇದೆ. ಆದ್ದರಿಂದ ನೀವೇ ಸಿಂಪಡಿಸುವ ಬದಲು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದು ಲೇಸು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಅವರಿಗೆ ಲೈಸೆನ್ಸ್ ಬೇಕು, ಕೇಳಿ ನೋಡಿ. ಯಾವ ಔಷಧಿ ಹೊಡೆಯುತ್ತೀರಿ ಅಂತ ಹೆಸರು ಬರೆಸಿಕೊಳ್ಳಿ. ಮಂಚ ಬಿಚ್ಚಿಸಿ ಸಂದಿಗೆ ಹೊಡೆಯುತ್ತಾರಾ, ಎರಡನೇ ಸಲ ಯಾವಾಗ ಬರುತ್ತಾರೆ ಅಂತ ಕೇಳಿ. ಒಂದೇ ಸಲಕ್ಕೆ ಗ್ಯಾರಂಟಿ, ವಾಸನೆಯೇ ಇಲ್ಲ, ನೀವು ಹೊರಗೆ ಹೋಗಬೇಕಾಗಿಲ್ಲ ಅನ್ನುವವರನ್ನು ನಾನಾದರೆ ಕರೆಯುವುದಿಲ್ಲ. ಹೊಡೆದದ್ದು ಪೂರ್ತಿ ಒಣಗಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆಯೇ ಒಳಗೆ ಬನ್ನಿ. ಲೇಬಲ್ಲಿನಲ್ಲಿ ಹೇಳಿದ ಹೊತ್ತಿಗಿಂತ ಒಂದು ಗಂಟೆಯೂ ಮೊದಲು ಬೇಡ. ಮಗು ಅವತ್ತು ರಾತ್ರಿ ಬೇರೆ ಕಡೆ ಇರಲಿ. ಮಗು ಮಲಗುವ ಹಾಸಿಗೆಗೆ, ಆಟಿಕೆಗೆ ಔಷಧಿ ಬೀಳಬಾರದು.

ಗದ್ದೆಗೆ, ಹತ್ತಿಗೆ ತಂದ ಔಷಧಿ ಉಳಿದಿದೆ ಅಂತ ಮನೆಯೊಳಗೆ ಹೊಡೆಯಬೇಡಿ. ಹಿಂದೆ ತಿಗಣೆಗೆ ಟಿಕ್-20 ಮನೆಮಾತಾಗಿತ್ತು, ಆಮೇಲೆ ನುವಾನ್ ಬಂತು. ನುವಾನ್‌ನಲ್ಲಿದ್ದ ಡೈಕ್ಲೋರ್ವಾಸ್ ಅನ್ನು ನಮ್ಮ ದೇಶದಲ್ಲಿ 2020ರ ಕೊನೆಗೆ ನಿಷೇಧಿಸಿದ್ದಾರೆ. ಹಳೆಯ ಬಾಟಲಿ ಅಟ್ಟದಲ್ಲಿ ಸಿಕ್ಕರೆ ಬಳಸಬೇಡಿ.

ಮನೆಮದ್ದು ಕೇಳಿಲ್ಲ ನೀವು, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನುಸಿಗುಳಿಗೆ, ಕರ್ಪೂರ, ಲವಂಗದೆಣ್ಣೆ, ಬೇವಿನ ಸೊಪ್ಪು ಯಾವುದರಿಂದಲೂ ಮನೆಯ ತಿಗಣೆ ಮುಗಿಯುವುದಿಲ್ಲ. ನುಸಿಗುಳಿಗೆಯ ಹೊಗೆ ಮಗುವಿಗೆ ಒಳ್ಳೆಯದೂ ಅಲ್ಲ. ಸೊಪ್ಪಿನಲ್ಲಿ ಒಂದು ಮಾತ್ರ ನನಗೆ ಇಷ್ಟ. ಬಾಲ್ಕನ್ ದೇಶಗಳ ಹಳ್ಳಿಗಳಲ್ಲಿ ರಾತ್ರಿ ಮಂಚದ ಸುತ್ತ ಹುರುಳಿಕಾಯಿ ಗಿಡದ ಎಲೆ ಹರಡಿ, ಬೆಳಿಗ್ಗೆ ತಿಗಣೆಗಳ ಸಮೇತ ಗುಡಿಸಿ ಸುಡುತ್ತಿದ್ದರು. ಎಲೆಯ ಮೇಲಿನ ಕೊಕ್ಕೆಯಂಥ ರೋಮಗಳು ತಿಗಣೆಯ ಕಾಲನ್ನು ಚುಚ್ಚಿ ಹಿಡಿಯುತ್ತವೆ ಅಂತ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ವಿಷವಿಲ್ಲ, ಬರೀ ಕೊಕ್ಕೆ. ಆದರೂ ಮೊಟ್ಟೆಗೆ ಅದೂ ಏನೂ ಮಾಡಲ್ಲ.

ಮಗುವಿನ ಮೈಮೇಲಿನ ದದ್ದಿಗೆ ತಣ್ಣೀರಿನ ಬಟ್ಟೆ ಒತ್ತಿ, ಉಗುರು ಕತ್ತರಿಸಿ. ಕೆರೆದು ಕೀವಾದರೆ ಡಾಕ್ಟರಿಗೆ ತೋರಿಸಿ. ಕಾಯಿಲೆ ಹರಡುತ್ತಾ ಅಂತ ಗಾಬರಿ ಬೇಡ. ತಿಗಣೆ ಕಚ್ಚಿ ಎಚ್‌ಐವಿ, ಕಾಮಾಲೆ ಬರುವುದಿಲ್ಲ. ಕಚ್ಚಿದ ಗುರುತು ಕೆಲವರ ಮೈಮೇಲೆ ಏಳುವುದೇ ಇಲ್ಲ. ಹಾಗಾಗಿ ಒಬ್ಬರಿಗೆ ದದ್ದಿದೆ, ಇನ್ನೊಬ್ಬರಿಗಿಲ್ಲ ಅಂದರೆ ಇನ್ನೊಬ್ಬರನ್ನು ಕಚ್ಚಿಲ್ಲ ಅಂತಲ್ಲ. ಬೆರಳ ಸಂದಿನಲ್ಲಿ, ಹೊಕ್ಕಳ ಸುತ್ತ ಮನೆಯವರೆಲ್ಲರಿಗೂ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ಪಕ್ಕದ ಮನೆಗೆ ಗೋಡೆ ಒಂದೇ ಇದ್ದರೆ ಅವರಿಗೂ ತಿಳಿಸಿ. ನಾಚಿಕೆ ಪಡುವಂಥದ್ದೇನಿಲ್ಲ. ತಿಗಣೆ ಕೊಳೆ ತಿನ್ನುವುದಿಲ್ಲ, ರಕ್ತ ಕುಡಿಯುತ್ತದೆ. ಗುಡಿಸಿ ಒರೆಸಿದ ಮನೆಯಲ್ಲೂ ಅದಕ್ಕೆ ಊಟ ಇದ್ದೇ ಇದೆ.

ಮೂರು ಸಲ ಕೆಲಸ ಮುಗಿದ ಮೇಲೂ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಕೀಲುಗಳನ್ನೂ ಬಟ್ಟಲಿನ ನೀರನ್ನೂ ನೋಡಿ. ಬಿಳಿ ಅಥವಾ ತಿಳಿ ಬಣ್ಣದ ಬೆಡ್‌ಶೀಟ್ ಹಾಕಿದರೆ ಚುಕ್ಕೆ ಬೇಗ ಕಾಣುತ್ತದೆ. ಕೊನೆಯ ಗುರುತು ಕಂಡ ಮೇಲೆ ಎರಡು ತಿಂಗಳು ಏನೂ ಇಲ್ಲದಿದ್ದರೆ ಮುಗಿಯಿತು ಅಂದುಕೊಳ್ಳಬಹುದು. ಮಧ್ಯದಲ್ಲಿ ಒಂದು ಸಣ್ಣ ಮರಿ ಕಂಡರೂ ಅಲ್ಲಿಂದ ಮತ್ತೆ ಲೆಕ್ಕ ಶುರು.

ಮಗಳು ಮತ್ತೆ ಪಿಜಿಗೆ ಹೋಗುವುದಾದರೆ ಮುಂಗಡ ಕೊಡುವ ಮೊದಲು ಹಾಸಿಗೆಯ ಮೂಲೆ ಎತ್ತಿ ಪೈಪಿಂಗ್ ಹೊಲಿಗೆಯನ್ನೂ ಮಂಚದ ಸ್ಕ್ರೂ ತೂತುಗಳನ್ನೂ ಮೊಬೈಲ್ ಟಾರ್ಚಿನಲ್ಲಿ ನೋಡಲಿ. ಕಬ್ಬಿಣದ ಮಂಚವಾದರೆ ಕಾಲಿನ ಟೊಳ್ಳು ಪೈಪಿನ ಬಾಯಿ ನೋಡಲಿ, ಅಲ್ಲಿ ಗುಂಪಾಗಿ ಇರುತ್ತವೆ. ಬ್ಯಾಗನ್ನು ಮಂಚದ ಕೆಳಗೆ ಇಡುವುದು ಬೇಡ. ಊರಿಗೆ ಬಂದಾಗ ಬ್ಯಾಗು ನೇರ ಒಳಕೋಣೆಗೆ ಬಾರದೆ ಜಗುಲಿಯಲ್ಲೇ ನಿಲ್ಲಲಿ. ಬಟ್ಟೆ ಬಿಸಿನೀರಿಗೆ, ಬ್ಯಾಗು ಕಾರಿನ ಬಿಸಿಲಿಗೆ.